ನಲವತ್ತೊಂದು ಬೋಗಿ

ಬಲ್ಗೇರಿಯದ ಕಾರ್ಲೊವೊ, ಆಸ್ಪತ್ರೆಯ ಎರಡನೇ ಮಹಡಿ.
ಕಿಟಕಿಯಾಚೆ ರೈಲು ಹಳಿ, ಹಳಿಯಾಚೆ ಗುಲಾಬಿ ಹೊಲ,
ಈಗಿನ್ನೂ ಬರೀ ಮುಳ್ಳು.
ಮಾರ್ಚ್ ಹುಟ್ಟಿ ನಾಲ್ಕು ದಿನ. ಎಲ್ಲರ ಮಣಿಕಟ್ಟಿನಲ್ಲೂ
ಕೆಂಪು ಬಿಳಿ ಹೊಸೆದ ನೂಲು.

ಡಾಕ್ಟರ್ ಇಸ್ಕ್ರಾ ಅಕ್ಷರ ಓದುತ್ತಾಳೆ, ಸೆಕೆಂಡಿಗೊಂದು,
ಏರಿಲ್ಲ, ಇಳಿವಿಲ್ಲ,
ಅಂಚೆಕಚೇರಿಯಲ್ಲಿ ಪಿಂಚಣಿಗೆ ಹೆಸರು ಕೂಗಿದ ಹಾಗೆ.
'ಅ' ಬಂದಾಗ ಮಾತ್ರ ಮೇಜು ತಟ್ಟಬೇಕು.
ಅಷ್ಟೇ.

ವೆಲ್ಕೊ, ಎಪ್ಪತ್ತೆಂಟು, ಮೂವತ್ತಾರು ವರ್ಷ ಸಿಗ್ನಲ್ ಮನೆಯಲ್ಲಿದ್ದವನು,
ತಟ್ಟುತ್ತಾನೆ.
'ಮ'ಕ್ಕೆ ತಟ್ಟುತ್ತಾನೆ, 'ಲ'ಕ್ಕೆ, ಎರಡರ ನಡುವಿನ ಖಾಲಿಗೆ.
'ಅ' ಬರುತ್ತದೆ, ಬಾಗಿಲಲ್ಲಿ ನಿಂತು ನೋಡಿ ಹೊರಟುಹೋಗುತ್ತದೆ.
ಹಿಂದಿನ ಕುರ್ಚಿಯಲ್ಲಿ ಹೆಂಡತಿ ನೆವ್ಯಾನಾ.
ಅವಳ ತೋರುಬೆರಳು, ಕೈಚೀಲದ ಮರೆಯಲ್ಲಿ,
ಸರಿಯಾದ ಜಾಗಕ್ಕೆಲ್ಲ ತಟ್ಟುತ್ತಿದೆ.

ಹಣೆಯ ಹಿಂದೆ, ತುಸು ಕೆಳಗೆ, ಮಿದುಳಿನ ನೆಲಮಾಳಿಗೆಯಲ್ಲಿ
ಒಂದು ಹಿಡಿ ಜೀವಕೋಶ. ಹಿಡಿಯೂ ಅಲ್ಲ, ಚಿಟಿಕೆ.
ಅಲ್ಲಿಂದ ಹೊರಟ ಎಳೆಗಳು ಮೇಲಿನ ಊರನ್ನೆಲ್ಲ ಮುಟ್ಟುತ್ತವೆ.
ಎಳೆಯ ತುದಿಯಲ್ಲಿ, ಹನಿ ಎಂದರೂ ಹೆಚ್ಚಾದೀತು,
ಅಷ್ಟು ಅಸಿಟೈಲ್‌ಕೋಲಿನ್ ಜಿನುಗಿದರೆ
ಸಂತೆಯ ಗದ್ದಲ ತಗ್ಗುತ್ತದೆ,
ಹೆಸರು ಹಿಡಿದು ಕರೆದವರ ದನಿ ಎದ್ದು ಕೇಳುತ್ತದೆ.
ದೀಪ ಅನ್ನಬೇಡಿ ಅದನ್ನು,
ದೀಪಕ್ಕೆ ಆಯ್ಕೆಯಿಲ್ಲ, ಮುಂದಿದ್ದುದರ ಮೇಲೆಲ್ಲ ಬೀಳುತ್ತದೆ.
ಇದು ಹಳಿ ಬದಲಿಸುವ ಸನ್ನೆಗೋಲು:
ಕಬ್ಬಿಣ ಸರಿಯುವುದು ನಾಲ್ಕು ಬೆರಳು,
ರೈಲು ಹೋಗಿ ಸೇರುವುದು ಬೇರೆಯೇ ಊರು.

ಜಿನುಗಿದ ಮರುಗಳಿಗೆಗೆ ಗುಡಿಸುವವಳು ಹಾಜರು, ಒಂದು ಕಿಣ್ವ.
ಅವಳ ತಪ್ಪೇನಿಲ್ಲ.
ಹಿಂದಿನ ಮಾತು ಗುಡಿಸದೆ ಮುಂದಿನದಕ್ಕೆ ಎಲ್ಲಿ ಮಣೆ ಹಾಕುವುದು?
ಆದರೆ ಕೋಶಗಳು ಒಂದೊಂದೇ ಕದ ಹಾಕಿಕೊಂಡ ಮೇಲೆ
ಇದ್ದಷ್ಟನ್ನೂ ಗುಡಿಸುವ ಅವಳ ಚುರುಕೇ ಕೇಡು.
ಅವಳ ಕೈಯನ್ನು ತುಸು ಹೊತ್ತು ಹಿಡಿದುಕೊಳ್ಳುವ ಮಾತ್ರೆಯೊಂದುಂಟು.
ಕೊಕಿಚೆ ಎಂಬ ಹೂವಿನ ಗಡ್ಡೆಯಲ್ಲೂ ಇದೆ ಆ ಮದ್ದು.
ಹಿಮದ ನಡುವೆಯೇ ತಲೆತಗ್ಗಿಸಿ ಅರಳುವ ಬಿಳಿ ಹೂವು;
ಹುಡುಗಿಯಾಗಿದ್ದಾಗ ನೆವ್ಯಾನಾ ಪ್ಲಾಟ್‌ಫಾರಂ ಮೇಲೆ ಮಾರುತ್ತಿದ್ದಳು,
ಕಟ್ಟಿಗೆ ಹತ್ತು ಸ್ತೊತಿಂಕಿ.
ಸಿಗ್ನಲ್ ಮನೆಯ ಹುಡುಗ ದಿನಾ ಒಂದು ಕಟ್ಟು ಕೊಳ್ಳುತ್ತಿದ್ದ,
ಚಿಲ್ಲರೆ ಎಣಿಸುವುದನ್ನು ಮರೆಯುತ್ತಿದ್ದ.
ಆಗ ಅದಕ್ಕೆ ಯಾರೂ ಮಾತ್ರೆ ಬರೆಯಲಿಲ್ಲ.

ಅಕ್ಷರ ಮುಗಿಯಿತು. ತಟ್ಟುವುದು ಮುಗಿಯಲಿಲ್ಲ.
"ಸಾಕು ಅಜ್ಜ," ಎಂದಳು ಇಸ್ಕ್ರಾ.
ಬರೆದುಕೊಂಡಳು: ಹನ್ನೊಂದರಲ್ಲಿ ಎರಡು. ಗಮನ ಕ್ಷೀಣ.
ಅವನು ಎಡಗೈ ಎತ್ತಿ, ತಡಿ ಅನ್ನುವಂತೆ,
ಇನ್ನೂ ಏಳೆಂಟು ಸಲ ತಟ್ಟಿ
ಕಿಟಕಿಯಿಂದ ಕಣ್ಣು ಕಿತ್ತ.

"ನಲವತ್ತೊಂದು. ಕಡೇ ಬೋಗಿಗೆ ಬಾಲದೀಪ ಇಲ್ಲ.
ಫೋನ್ ಮಾಡಿ."

ಹೊರಗೆ ಹಳಿ, ಬರಿಯ ಹಳಿ, ಸಣ್ಣಗೆ ಗುಂಯ್‌ಗುಡುತ್ತಿತ್ತು.
ಗೂಡ್ಸ್ ಹೋದದ್ದು ನಿಜ. ಮಿಕ್ಕವರು ಯಾರೂ ಎಣಿಸಿರಲಿಲ್ಲ.
ಗಮನ ಎಂದರೆ ಹೋಗುವುದು ಕೂಡ;
ಎಲ್ಲಿಗೆ ಹೋಯಿತು ಎಂದು ಬರೆಯಲು
ಆ ಕಾಗದದಲ್ಲಿ ಜಾಗವಿಲ್ಲ.
ಇಸ್ಕ್ರಾ 'ಎರಡು' ಎಂಬುದರ ಮೇಲೆ ಪೆನ್ನು ಹಿಡಿದಳು,
ಹೊಡೆದುಹಾಕಲಿಲ್ಲ.
ನೆವ್ಯಾನಾ ಮಾತ್ರ ಫೋನ್ ತೆಗೆದು ಒತ್ತಿದಳು, ಬಾಯಿಪಾಠವಾದ ನಂಬರು,
ಮುಚ್ಚಿ ಹದಿನಾಲ್ಕು ವರ್ಷವಾದ ಸ್ಟೇಷನ್ನು.
"ಹೇಳಿದೆ," ಎಂದಳು.

ಮುಂದಿನ ವಾರದ ಗೂಡ್ಸು ಅವನಿಗೆ ಕಾಣಲಿಲ್ಲ.
ಕಿಟಕಿ ನಡುಗಿತು, ಅವನು ಕೋಟಿನ ಗುಂಡಿ ನೋಡುತ್ತಿದ್ದ.
ಹೊರಡುವಾಗ, ಮೆಟ್ಟಿಲ ಬಳಿ, ಹೆಂಡತಿಯ ಮಣಿಕಟ್ಟು ಹಿಡಿದು
ನೂಲನ್ನು ಬಹಳ ಹೊತ್ತು ನೋಡಿದ.
"ಕೆಂಪು," ಎಂದ.
ಕೆಳಗಿನಿಂದ ಯಾರೋ ಟ್ಯಾಕ್ಸಿ ಬಂತೆಂದು ಕೂಗುತ್ತಿದ್ದರು.
ಅವಳು ನಿಂತಳು.